ಯಾವ ಅಣಬೆ?

ಜುಲೈಯಲ್ಲಿ ಒಂದೇ ಮನೆಯ ನಾಲ್ವರು
ಒಂದೇ ಟೆಂಪೊದಲ್ಲಿ ಬಂದರು, ಒಂದೇ ಬಕೆಟ್ಟು ಹಿಡಿದು.
ಡಾಕ್ಟರು ಕೇಳಿದರು: ಯಾವ ಅಣಬೆ?
ಮುದುಕಿ ಅಂದಳು: ಬಿಳೀದು.
ಹುಡುಗ ಅಂದ: ಕೊಡೆಯಂಥದ್ದು.
ನಾನು ರಕ್ತ ತೆಗೆದು, ಸೀಸೆಗೆ ಹೆಸರಂಟಿಸಿ,
ಚೀಟಿಯಲ್ಲಿ ಆ ಒಂದು ಗೆರೆ ಖಾಲಿ ಬಿಟ್ಟೆ.

ಮೂರನೆಯ ದಿನ ನಾಲ್ವರೂ ನಡೆದೇ ಬಸ್‌ಸ್ಟ್ಯಾಂಡಿಗೆ ಹೋದರು.
ಗೆರೆ ಮಾತ್ರ ನನ್ನ ಹತ್ತಿರ ಉಳಿಯಿತು.

ಅದಕ್ಕೇ ಆಗಸ್ಟಿನ ಈ ರವಿವಾರ
ತೋಡೂರಿನ ಗುಡ್ಡದಲ್ಲಿ, ಮಂಕಾಳಜ್ಜಿಯ ಹಿಂದೆ,
ಚೀಲದಲ್ಲಿ ಚಾಕು, ಭೂತಗನ್ನಡಿ, ಹಳೇ ಪೇಪರು,
ಉಂಬಳಕ್ಕೆ ಹೆದರಿ ಕಾಲಿಗೆ ಹೊಗೆಸೊಪ್ಪಿನ ನೀರು.
ಅಜ್ಜಿ ನನ್ನ ಹೆಸರು ಹಿಡಿದು ಕರೆಯುವುದಿಲ್ಲ.
ವರ್ಷಕ್ಕೆರಡು ಸಲ ಊರಿಗೆ ಬಂದು ಸೂಜಿ ಚುಚ್ಚುವವಳು ನಾನು,
ರಕ್ತದಕ್ಕೋರು.

“ರಕ್ತದಕ್ಕೋರೆ, ಅಲ್ಲಿ ಮೆಟ್ಟಬ್ಯಾಡಿ.”
ಕಿಂದಳ ಮರದ ಬುಡದಲ್ಲಿ ಹುತ್ತ,
ಹುತ್ತದ ಮೈತುಂಬ ಚೂಪು ನೆತ್ತಿಯವು, ಮೂವತ್ತೋ ನಲವತ್ತೋ,
ಮೊನ್ನೆಯ ಗುಡುಗಿಗೆ ಎದ್ದವಂತೆ.
ಅಜ್ಜಿ ಕೀಳಲಿಲ್ಲ. ಮಣ್ಣೊಳಗೆ ಮೂರು ಬೆರಳಿಳಿಸಿ
ಮಗುವಿನ ಹಾಲುಹಲ್ಲನ್ನು ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದಳು.
ಬಂತು, ಗೇಣುದ್ದದ ಬೇರಿನ ಸಮೇತ.
“ಹುತ್ತದಿಂದ ಬೇರು ಬಂದ್ರೆ ನಮ್ಮದು.”

ಬಿದ್ದ ಮತ್ತಿಮರದ ಮೇಲೆ ಕಿವಿಯಂತೆ ಜೋತದ್ದು:
ತಿನ್ನೂಕಾಗ್ತದೆ, ರುಚಿ ಇಲ್ಲ.
ಮುಟ್ಟಿದರೆ ಹೊಗೆ ಉಗುಳುವ ಚೆಂಡು:
ಮಕ್ಕಳಿಗೆ ಒಡೆಯೂಕೆ.
ಬಲೆಯ ಲಂಗ ಉಟ್ಟು ನಿಂತದ್ದು, ಮೈತುಂಬ ನೊಣ:
ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.
ನನಗದು ಬೈತಖೋಲಿನ ದಕ್ಕೆಯ ವಾಸನೆ, ತವರಿನದು,
ಹತ್ತಿರ ಹೋಗಿ ಇನ್ನೊಂದು ಸಲ ಮೂಸಿದೆ.

ಇಳಿಯುವಾಗ, ಶಾಲೆಯ ಹಿಂದಿನ ಹುಲ್ಲಿನಲ್ಲಿ
ಊಟದ ತಟ್ಟೆಯಷ್ಟಗಲ, ಬಿಳಿ, ನೆತ್ತಿಗೆ ಕಂದು ಚಕ್ಕೆ,
ಕಾಲಿಗೊಂದು ಉಂಗುರ.
ತಿರುಗಿಸಿ ನೋಡಿದೆ,
ಆಯಿ ಬಂಗಡೆಯ ಕಿವಿರೆತ್ತಿ ನೋಡುವ ಹಾಗೆ.
ಬಂಗಡೆ ಸುಳ್ಳು ಹೇಳುವುದಿಲ್ಲ, ಕೆಂಪಿದ್ದರೆ ಇವತ್ತಿನದು.
ಇದರ ಕಿವಿರು ಬರೀ ಬಿಳಿ,
ಒಗೆದು ಇಸ್ತ್ರಿ ಹಾಕಿದಷ್ಟು ಬಿಳಿ.
ಅಜ್ಜಿ ಬಹಳ ಹೊತ್ತು ನೋಡಿದಳು.
ಗುಡ್ಡವಿಡೀ ಹೆಸರು ಹೇಳುತ್ತ ಬಂದ ಬಾಯಿ
“ನಂಗೆ ಗೊತ್ತಿಲ್ಲ” ಅಂದಿತು
ಒಂದಿಷ್ಟೂ ನಾಚಿಕೆಯಿಲ್ಲದೆ.
“ನಮ್ಮವ್ವಿ ತೋರಿಸ್ಲಿಲ್ಲ. ಅಂದ್ಮೇಲೆ ಇಲ್ಲ.”

ಅಷ್ಟನ್ನು ಬರೆಯಲು ನನ್ನ ಪೆನ್ನಿಗೆ
ಆವತ್ತು ಧೈರ್ಯವಿರಲಿಲ್ಲ.

ರಾತ್ರಿ ಕ್ವಾರ್ಟರ್ಸಿನಲ್ಲಿ, ಕಪ್ಪು ಕಾಗದಕ್ಕೆ ಬಿಳಿ ಕಾಗದ ಅಂಟಿಸಿ
ಶಾಲೆಯ ಹಿಂದಿನದನ್ನು ಅದರ ಮೇಲೆ ಕವುಚಿಟ್ಟು
ಮೇಲೊಂದು ಸ್ಟೀಲು ಡಬರಿ ಮುಚ್ಚಿದೆ.
ಕೈ ಎರಡು ಸಲ ತೊಳೆದೆ.
ಹುತ್ತದ್ದನ್ನು ಕಾಯಿ, ಒಣಮೆಣಸು,
ನಾಲ್ಕು ಮುರುಗಲ ಸಿಪ್ಪೆ ಹಾಕಿ ಬೇಯಿಸಿ ಉಂಡೆ.
ಅಜ್ಜಿಯ ಮೇಲೆ ನಂಬಿಕೆ ಇತ್ತು. ಆದರೂ ನಡುರಾತ್ರಿ ಎದ್ದು
ಹೊಟ್ಟೆಯನ್ನು ಒಂದು ಮಾತು ಕೇಳಿದೆ.
ಕರೆಂಟು ಹೋಗಿತ್ತು.

ಬೆಳಿಗ್ಗೆ ಡಬರಿ ಎತ್ತಿದರೆ
ಬಿಳಿ ಕಿವಿರಿನಿಂದ ಉದುರಿತ್ತು ಹಸಿರು.
ಎಲೆಯ ಹಸಿರಲ್ಲ,
ಅಟ್ಟದಲ್ಲಿ ಮರೆತ ತಾಮ್ರದ ಚೊಂಬಿನ ಕಿಲುಬು,
ನಡುವಿನಿಂದ ಅಂಚಿಗೆ ಗೆರೆಗೆರೆಯಾಗಿ,
ಇನ್ನೂರೋ ಮುನ್ನೂರೋ,
ಒಂದೂ ಖಾಲಿಯಿಲ್ಲ.

ಮರುವಾರ ಕಾಗದ ಮಡಚದೆ ತೋಡೂರಿಗೆ ಒಯ್ದೆ.
ಅಜ್ಜಿ ಬೆರಳು ತಾಗಿಸಿ, ಬೆರಳನ್ನು ಬಿಸಿಲಿಗೆ ಹಿಡಿದು,
ಮೊಮ್ಮಗಳನ್ನು ಕರೆದಳು, ಆಚೆಮನೆಯವರನ್ನೂ.
“ಬಿಳೀದಂತ ಕಂಡಿದ್ದು ಬಿಳೀದಲ್ಲ, ನೋಡಿ.”
ಹೆಸರಿಲ್ಲದ್ದನ್ನು ಮಕ್ಕಳಿಗೆ ಬೇಡ ಅನ್ನುವುದು ಹೇಗೆ?
ಕವಳ ಉಗಿದು ಬಂದು, ಇಟ್ಟಳು:
ರಕ್ತದಕ್ಕೋರ ಅಣಬೆ.

ಮೊಮ್ಮಗಳು ಆಗಲೇ ಕುಣಿಯುತ್ತಿದ್ದಳು,
ರಕ್ತದಕ್ಕೋರ ಅಣಬೆ ತಿನ್ನೂಕಿಲ್ಲ,
ರಕ್ತದಕ್ಕೋರ ಅಣಬೆ ಮುಟ್ಟೂಕಿಲ್ಲ.

ಒಂಚೂರು ಬೇಸರವಾಯಿತು, ಸುಳ್ಳೇಕೆ.
ಆಮೇಲೆ ಟೆಂಪೊ ಹತ್ತಿ, ಮೀನುಬುಟ್ಟಿಗಳ ನಡುವೆ ಕೂತು,
ಕಾರವಾರ ಬರುವವರೆಗೆ
ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆ,
ತುಟಿ ಅಲ್ಲಾಡದ ಹಾಗೆ.